ಉತ್ತರಭಾಗವನ್ನು ಕುರಿತು

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ನಮ್ಮ ಶಾಲೆಯಿಂದ ಪತ್ರ ಬಂದಾಗ, ಏನು ಬರೆಯಲೆಂದು ನಾನು ಬಹುದಿನ ಯೋಚಿಸುತ್ತಿದ್ದೆನು. ಇಂಥ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಬೋರ್ಡಿಂಗಿನ ಗಂಟೆಯನ್ನೂ, ಬೆಳಗಿನ ಪ್ರಾರ್ಥನೆಯನ್ನೂ, ಸಾಲಾಗಿ ಕುಳಿತು ಉಂಡ ಊಟವನ್ನೂ ನೆನೆಯುವದುಂಟು. ಅವೆಲ್ಲ ನನಗೂ ಪ್ರಿಯವಾದವುಗಳೇ. ಆದರೆ ಈಚಿನ ಒಂದು ರಜೆಯಲ್ಲಿ ನಮ್ಮ ಮನೆಯೊಳಗೆ ನಡೆದ ಚಿಕ್ಕದೊಂದು ವಾದವು ಶಾಲೆಯಲ್ಲಿ ನಾನು ಕಲಿತ, ಹಾಗೂ ಮನೆಯಲ್ಲಿ ನನ್ನ ತಾಯಿಯಿಂದ ಕಲಿತ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಟ್ಟಿತು. ಅದನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುವೆನು. ಅದರಲ್ಲಿ ನನ್ನ ತಪ್ಪೊಂದು ಸೇರಿರುವದು, ವಾಚಕರು ಕ್ಷಮಿಸಬೇಕು.

ನನ್ನ ಮೊಮ್ಮಗಳು ಹದಿನಾರು ವರ್ಷದವಳು. ರಜೆಗೆಂದು ಚಿಕ್ಕಪಡಸಲಗಿಗೆ ಬಂದಿದ್ದಳು. ಹಗಲೆಲ್ಲ ಪಡಸಾಲೆಯ ಹೊರಸಿನ ಮೇಲೆ ಒರಗಿಕೊಂಡು ಒಂದು ದಪ್ಪನಾದ ಇಂಗ್ಲಿಷ್ ಕಾದಂಬರಿಯನ್ನು ಓದುತ್ತಿದ್ದಳು. ಅದನ್ನು ಬರೆದವಳು ರೆಬೆಕಾ ಯಾರೋಸ್ ಎಂಬ ಅಮೇರಿಕದ ಲೇಖಕಿ. ರೆಕ್ಕೆಯುಳ್ಳ, ಬೆಂಕಿಯುಗುಳುವ ಡ್ರ್ಯಾಗನ್‌ಗಳೆಂಬ ಪ್ರಾಣಿಗಳನ್ನೇರಿ ಯುದ್ಧ ಮಾಡುವದನ್ನು ಕಲಿಸುವ ಒಂದು ಶಾಲೆ. ಅಲ್ಲಿಗೆ ಬಂದ ಒಬ್ಬ ತರುಣಿ. ತನ್ನ ಮನೆತನಕ್ಕೆ ಹಗೆಯಾದವನಲ್ಲಿಯೇ ಆಕೆಗೆ ಹುಟ್ಟುವ ಪ್ರೇಮ, ಇದು ಕಥೆಯ ಹಂದರ. ಮೊದಲನೆಯ ಪುಸ್ತಕವಾದ ‘ಫೋರ್ಥ್ ವಿಂಗ್’ 2023ರಲ್ಲಿ ಹೊರಬಿದ್ದಿತು. ಅದೇ ವರ್ಷ ಎರಡನೆಯದಾದ ‘ಐರನ್ ಫ್ಲೇಮ್’ ಬಂದಿತು. ಮೂರನೆಯದಾದ ‘ಓನಿಕ್ಸ್ ಸ್ಟಾರ್ಮ್’ 2025ರಲ್ಲಿ ಬಂದಿತು. ಈ ಮೂರನೆಯದನ್ನೇ ನನ್ನ ಮೊಮ್ಮಗಳು ಓದಿ ಮುಗಿಸಿ, ಹೊರಸಿನ ಮೇಲೆ ಒಗೆದು, ಸಿಟ್ಟಿನಿಂದ ಎದ್ದುಬಂದಳು.

“ಯಾಕವ್ವಾ, ಏನಾತು?” ಎಂದೆನು.

“ಮೊದಲನೇದು ಎರಡ ರಾತ್ರ್ಯಾಗ ಓದಿ ಮುಗಿಸಿದ್ದೆ, ಆಯಿ. ಎರಡನೇದರಾಗ ಅವರಿಬ್ಬರೂ ಒಬ್ಬರಿಂದೊಬ್ಬರು ಗುಟ್ಟು ಮುಚ್ಚಿಟಗೊಂಡು ಬರೇ ಜಗಳಾಡ್ತಾರ. ಮೂರನೇದರಾಗ ಊರ ಮ್ಯಾಲ ಊರು, ಹೆಸರ ಮ್ಯಾಲ ಹೆಸರು; ಕಡೀಕ ನಡುವ ಕೈ ಬಿಟ್ಟಾಳ. ಮೊದಲನೇದು ಅಷ್ಟು ಚಲೋ ಇದ್ದಾಗ ಮುಂದಿಂದು ಯಾಕ ಬರೀಬೇಕು? ಬರದ್ರೂ ಮುಗಸಬಾರದಾ?”

ಅವಳ ಗೆಳತಿಯರಲ್ಲಿಯೂ ಈ ವಿಷಯದಲ್ಲಿ ಏಕಮತವಿಲ್ಲವಂತೆ. ಎರಡನೆಯ ಭಾಗವು ಮಂದವಾಗಿದ್ದರೂ ಪ್ರೇಮವು ಅದರಲ್ಲಿಯೇ ಬಲಿತಿರುವದೆಂದು ಒಬ್ಬಳು ಹೇಳುತ್ತಾಳೆ. ಲೇಖಕಿಯು ಅವಸರಪಟ್ಟಳೆಂದು ಇನ್ನೊಬ್ಬಳ ಮತ. ಮೂರನೆಯವಳಂತೂ ಲೇಖಕಿಯ ಹಾದಿಯನ್ನು ಕಾಯದೆ ತಾನೇ ಒಂದು ಮುಕ್ತಾಯವನ್ನು ಬರೆದು ಎಲ್ಲರಿಗೂ ಕಳಿಸಿದ್ದಾಳೆ. ಈ ಹುಡುಗಿಯರ ವಾದವನ್ನು ಕೇಳಿ ನನಗೆ ನಗೆ ಬಂದಿತು. ಯಾಕಂದರೆ, ಸುಮಾರು ಅರುವತ್ತು ವರ್ಷಗಳ ಹಿಂದೆ ನಮ್ಮ ಬೋರ್ಡಿಂಗಿನಲ್ಲಿ ನಾವು ಇದೇ ಮೂರು ಪಕ್ಷಗಳಾಗಿ ಒಡೆದು ಜಗಳಾಡಿದ್ದೆವು. ನಮ್ಮ ಪುಸ್ತಕ ಮಾತ್ರ ಹಳೆಯದು. ಕಾದಂಬರಿಗಳಿಗೆಲ್ಲ ಕಾದಂಬರಿಯೆಂಬ ಹೆಸರನ್ನೇ ಕೊಟ್ಟ ಪುಸ್ತಕ ಅದು.

1964-65ರಲ್ಲಿ ನಮಗೆ ಕನ್ನಡವನ್ನು ಕಲಿಸುತ್ತಿದ್ದ ಪಂಡಿತರು ಪಾಠ ಮುಗಿದ ಮೇಲೆ ಉಳಿದ ವೇಳೆಯಲ್ಲಿ ಕಥೆಗಳನ್ನು ಹೇಳುತ್ತಿದ್ದರು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಾವು ಗದ್ಯಕಥೆಗೆ ‘ಕಾದಂಬರಿ’ ಎನ್ನುವದಕ್ಕೆ ಕಾರಣವೇನೆಂದು ಒಂದು ದಿನ ಕೇಳಿ, ಉತ್ತರವನ್ನೂ ತಾವೇ ಹೇಳಿದರು. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಸ್ಥಾನದಲ್ಲಿದ್ದ ಬಾಣಭಟ್ಟನು ಸಂಸ್ಕೃತ ಗದ್ಯದಲ್ಲಿ ‘ಕಾದಂಬರಿ’ ಎಂಬ ಗ್ರಂಥವನ್ನು ಬರೆದನು. ಆ ಕಥೆಯ ನಾಯಕಿಯ ಹೆಸರೇ ಇಂದು ನಮ್ಮ ಭಾಷೆಯಲ್ಲಿ ಒಂದು ಸಾಹಿತ್ಯಪ್ರಕಾರದ ಹೆಸರಾಗಿದೆ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ನಾಗವರ್ಮನು ಅದನ್ನು ಗದ್ಯಪದ್ಯಗಳು ಕೂಡಿದ ಚಂಪುವಿನಲ್ಲಿ ಕನ್ನಡಕ್ಕೆ ತಂದನು. ಅದಕ್ಕೆ ‘ಕರ್ನಾಟಕ ಕಾದಂಬರಿ’ ಎಂದು ಹೆಸರು.

ಆ ಕಥೆಯು ಡ್ರ್ಯಾಗನ್ನಿನ ಕಥೆಗಿಂತ ಕಡಿಮೆ ಅದ್ಭುತವಾದುದಲ್ಲ. ಶೂದ್ರಕನೆಂಬ ಅರಸನ ಸಭೆಗೆ ಚಾಂಡಾಲಕನ್ಯೆಯೊಬ್ಬಳು ಒಂದು ಗಿಳಿಯನ್ನು ತರುತ್ತಾಳೆ. ಆ ಗಿಳಿಯು ತನ್ನ ಕಥೆಯನ್ನು ಹೇಳುತ್ತದೆ. ಅದರೊಳಗೆ ಜಾಬಾಲಿಮುನಿಯು ಹೇಳಿದ ಕಥೆ. ಅದರೊಳಗೆ ಮಹಾಶ್ವೇತೆಯು ಹೇಳಿದ ಕಥೆ. ಗಂಧರ್ವಕನ್ಯೆಯಾದ ಮಹಾಶ್ವೇತೆಯು ಪುಂಡರೀಕನೆಂಬ ಮುನಿಕುಮಾರನಿಗೆ ಮನಸೋಲುತ್ತಾಳೆ. ಆಕೆ ಬಂದು ಮುಟ್ಟುವದರೊಳಗೆ ಅವನು ವಿರಹದಿಂದ ಪ್ರಾಣಬಿಟ್ಟಿರುತ್ತಾನೆ. ಆಗ ಚಂದ್ರಮಂಡಲದಿಂದ ಒಬ್ಬ ದಿವ್ಯಪುರುಷನು ಇಳಿದು, ನಿಮಗೆ ಮರಳಿ ಸಮಾಗಮವಾಗುವದೆಂದು ಹೇಳಿ ಶವವನ್ನು ಎತ್ತಿಕೊಂಡು ಹೋಗುತ್ತಾನೆ. ಆ ಒಂದು ಮಾತನ್ನು ನಂಬಿ ಆಕೆಯು ಅಚ್ಛೋದ ಸರೋವರದ ದಂಡೆಯಲ್ಲಿ ವೀಣೆಯನ್ನು ಹಿಡಿದು ಶಿವಾರಾಧನೆ ಮಾಡುತ್ತ ಕುಳಿತುಬಿಡುತ್ತಾಳೆ. ಗೆಳತಿಯು ಹೀಗೆ ದುಃಖದಲ್ಲಿರುವಾಗ ತಾನು ಮದುವೆಯಾಗಲಾರೆನೆಂದು ಕಾದಂಬರಿಯು ಪಣ ತೊಟ್ಟಿರುತ್ತಾಳೆ. ಅಲ್ಲಿಗೆ ರಾಜಕುಮಾರನಾದ ಚಂದ್ರಾಪೀಡನು ಬರುತ್ತಾನೆ; ಕಾದಂಬರಿಗೂ ಅವನಿಗೂ ಪ್ರೇಮವಾಗುತ್ತದೆ; ಅಷ್ಟರಲ್ಲಿ ತಂದೆಯ ಪತ್ರ ಬಂದು ಅವನು ಉಜ್ಜಯಿನಿಗೆ ಮರಳಬೇಕಾಗುತ್ತದೆ. ಹಿಂದಿನಿಂದ ಬಂದ ಪತ್ರಲೇಖೆಯೆಂಬ ಪರಿಚಾರಿಕೆಯು ಕಾದಂಬರಿಯ ವಿರಹದ ಮಾತುಗಳನ್ನು ಅವನಿಗೆ ಹೇಳುತ್ತಿರುತ್ತಾಳೆ.

“ಇಲ್ಲಿಗೆ ಬಾಣನ ಲೇಖನಿ ನಿಂತಿತು,” ಎಂದು ಪಂಡಿತರು ಅಂದರು. ಅಷ್ಟರಲ್ಲಿ ಗಂಟೆಯಾಯಿತು. ಮರುದಿನವೇ ಬೇಸಿಗೆಯ ರಜೆ.

ನಾನು ಊರಿಗೆ ಬಂದೆನು. ಆಗಿನ ಚಿಕ್ಕಪಡಸಲಗಿಯು ಬೇರೆ. ಈಗ ಬೇಸಿಗೆಯಲ್ಲಿಯೂ ಕೃಷ್ಣೆಯಲ್ಲಿ ನೀರು ನಿಂತಿರುತ್ತದೆ. ಆಗ ಚೈತ್ರ ವೈಶಾಖಗಳಲ್ಲಿ ದಂಡೆಯಿಂದ ದಂಡೆಗೆ ಉಸುಕು ಕಾಣುತ್ತಿದ್ದಿತು. ಹೊಲದಲ್ಲಿ ಬೆಳೆ ಸಾಲದಾದ್ದರಿಂದ ನಮ್ಮ ತಂದೆಯವರು ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕೆ ನಿಂತಿದ್ದರು. ವರುಷಕ್ಕೊಮ್ಮೆ ಬಂದರೆ ಬಂದರು, ಇಲ್ಲವಾದರೆ ಇಲ್ಲ. ಮನೆಯಲ್ಲಿ ಅವ್ವ ಒಬ್ಬಳೇ ಒಂದು ಎಮ್ಮೆಯನ್ನೂ ನನ್ನ ತಮ್ಮನನ್ನೂ ಕಟ್ಟಿಕೊಂಡು ಇದ್ದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ.

ರಾತ್ರಿ ಚಿಮಣಿಯ ಬೆಳಕಿನಲ್ಲಿ ನಾನು ಆಕೆಗೆ ಕಾದಂಬರಿಯ ಕಥೆಯನ್ನು ಹೇಳಿದೆನು. ಮೂರು ರಾತ್ರಿಗಳಲ್ಲಿ ಪತ್ರಲೇಖೆಯ ಮಾತಿನವರೆಗೆ ಬಂದು ನಿಲ್ಲಿಸಿದೆನು.

“ಮುಂದೇನಾತು?” ಎಂದು ಅವ್ವ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಆದರೆ ಬೋರ್ಡಿಂಗಿನಲ್ಲಿ ಓದುವ ಮಗಳು ಗೊತ್ತಿಲ್ಲವೆಂದು ಹೇಳುವದು ಅವಮಾನವೆಂದು ತೋರಿತು. ಚಂದ್ರನು ಪುಂಡರೀಕನನ್ನು ಮರಳಿ ಇಳಿಸಿದನೆಂದೂ, ಎರಡು ಮದುವೆಗಳು ಒಂದೇ ಹಂದರದಲ್ಲಿ ಆದವೆಂದೂ ತಡವರಿಸದೆ ಹೇಳಿಬಿಟ್ಟೆನು. ಅವ್ವ ಏನೂ ಅನ್ನದೆ ಚಿಮಣಿಯನ್ನು ಆರಿಸಿದಳು.

ನಾನು ಹೀಗೆ ಕಥೆ ಕಟ್ಟಿದ್ದು ಅದೇ ಮೊದಲಲ್ಲ. ತಂದೆಯವರಿಂದ ಎರಡು ಮೂರು ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಮೂರೇ ಸಂಗತಿಗಳು: ನಾನು ಕ್ಷೇಮ, ಮನಿ ಆರ್ಡರ್ ಮಾಡಿದ್ದೇನೆ, ಎಮ್ಮೆಯ ಕಡೆಗೆ ಲಕ್ಷ್ಯ ಇರಲಿ. ರಜೆಯಲ್ಲಿ ನಾನು ಮನೆಯಲ್ಲಿದ್ದಾಗ ಕಾರ್ಡು ಬಂದರೆ ಓದುವದು ನನ್ನ ಕೆಲಸ. ಕೇಳುತ್ತ ಕುಳಿತ ಅವ್ವನ ಮೋರೆಯನ್ನು ನೋಡಿ, ಆ ಮೂರು ಸಾಲುಗಳು ನನಗೆ ಬಹಳ ಬಡವಾಗಿ ಕಂಡವು. ಒಂದು ಸಲ, “ನಿನ್ನ ಕೈರೊಟ್ಟಿ ನೆನಪಾಗುತ್ತದೆ” ಎಂದು ಒಂದು ಮಾತನ್ನು ಸೇರಿಸಿ ಓದಿದೆನು. ಅವ್ವನ ಮೋರೆ ಅರಳಿತು. ಮುಂದಿನ ಸಲ ಎರಡು ಮಾತುಗಳನ್ನು ಸೇರಿಸಿದೆನು. ಹೀಗೆ ಒಂದು ವರ್ಷದಲ್ಲಿ ನಮ್ಮ ತಂದೆಯವರು ಕಾರ್ಡಿನಲ್ಲಿ ಬಹಳ ಪ್ರೇಮದ ಮಾತುಗಳನ್ನಾಡತೊಡಗಿದರು. ಇದು ಸುಳ್ಳೆಂದು ನನಗೆ ಅನಿಸಲಿಲ್ಲ. ಉಪಕಾರವೆಂದೇ ಅನಿಸಿತು.

ಆ ಬೇಸಿಗೆಯಲ್ಲಿ, ಕಥೆ ಮುಗಿದ ಮೂರು ನಾಲ್ಕು ದಿನಗಳ ಮೇಲೆ, ಟಪಾಲಿನವನು ಒಂದು ಕಾರ್ಡನ್ನು ಕೊಟ್ಟು ಹೋದನು. ಎಂದಿನಂತೆ ಸೇರಿಸಿ ಓದಿದೆನು. ಅವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. “ಇನ್ನೊಮ್ಮೆ ಓದು,” ಎಂದಳು. ನಾನು ಮತ್ತೆ ಓದಿದೆನು. ಆಕೆ ಕೈ ನಿಲ್ಲಿಸಿ, “ಮತ್ತೊಮ್ಮೆ ಓದು,” ಎಂದಳು. ಮೂರನೆಯ ಸಲ ಓದುವಾಗ ನಾನು ಮೊದಲು ಸೇರಿಸಿದ್ದ ಮಾತು ಯಾವದೆಂಬುದು ನನಗೇ ನೆನಪಾಗಲೊಲ್ಲದು.

ಅವ್ವ ಸಿಟ್ಟಾಗಲಿಲ್ಲ. “ಕಾರ್ಡಿನ ಅಕ್ಷರ ಓದಿದಷ್ಟು ಸಲ ಬ್ಯಾರೆ ಬ್ಯಾರೆ ಆಗತಾವೇನ?” ಎಂದಳಷ್ಟೇ.

ನಾನು ತಲೆ ತಗ್ಗಿಸಿದೆನು. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಅಂದಳು: “ಅವರು ಬರದದ್ದನ್ನ ಮೊದಲ ಓದು. ಕಡಿಮಿ ಇದ್ದರ ಕಡಿಮಿ ಓದು. ಆಮ್ಯಾಲ ನಿನಗೇನ ಹೇಳಬೇಕಂತ ಅನಸ್ತದ, ಅದನ್ನ ನಿನ್ನ ಮಾತು ಅಂತ ಹೇಳಿ ಹೇಳು. ನಾ ಬ್ಯಾಡ ಅನ್ನೂದಿಲ್ಲ. ಆದರ ಯಾವುದು ಅವರದು, ಯಾವುದು ನಿನ್ನದು ಅನ್ನೂದು ನನಗ ತಿಳೀಬೇಕು. ಇಲ್ಲಾಂದ್ರ ಅವರು ಖರೇನ ಒಂದ ಮಾತು ಬರದ ದಿನ ನಾ ಹ್ಯಾಂಗ ನಂಬಲಿ?”

ಪ್ರಾರ್ಥನೆಯ ವೇಳೆಯಲ್ಲಿ ಸತ್ಯವನ್ನು ಕುರಿತು ಎಷ್ಟೋ ಮಾತುಗಳನ್ನು ನಾನು ಕೇಳಿದ್ದೆನು. ಅವು ಒಂದೂ ಇಷ್ಟು ಹತ್ತಿರಕ್ಕೆ ಬಂದಿರಲಿಲ್ಲ. ಆ ರಾತ್ರಿ ನಾನು ಕಥೆಯ ವಿಷಯವನ್ನೂ ಒಪ್ಪಿಕೊಂಡೆನು. “ಮದುವಿ ಆತು ಅಂತ ಹೇಳಿದ್ದು ನನ್ನದವ್ವಾ, ಖರೇ ಏನಾತೋ ನನಗ ಗೊತ್ತಿಲ್ಲ,” ಎಂದೆನು. ಅವ್ವ ನಕ್ಕು, “ಅದು ನನಗ ಅವತ್ತ ಗೊತ್ತಿತ್ತು. ಕೇಳಕೊಂಡು ಬಾ,” ಎಂದಳು.

ಶಾಲೆ ತೆರೆದ ಕೂಡಲೆ ನಾನು ಪಂಡಿತರ ಬೆನ್ನು ಹತ್ತಿದೆನು. ಬಾಣನು ಗ್ರಂಥವನ್ನು ಮುಗಿಸದೆಯೇ ತೀರಿಕೊಂಡನೆಂದೂ, ಭೂಷಣಭಟ್ಟನೆಂಬ ಅವನ ಮಗನು—ಕೆಲವರು ಅವನನ್ನು ಪುಲಿಂದನೆನ್ನುತ್ತಾರೆ—ಉತ್ತರಭಾಗವನ್ನು ಬರೆದು ಕಥೆಯನ್ನು ಪೂರೈಸಿದನೆಂದೂ ಅವರು ಹೇಳಿದರು. ಮುಂದಿನ ಕಥೆಯು ಹೀಗೆ. ಚಂದ್ರಾಪೀಡನ ಗೆಳೆಯನಾದ ವೈಶಂಪಾಯನನು ಅಚ್ಛೋದದ ದಂಡೆಯಲ್ಲಿ ಮಹಾಶ್ವೇತೆಯನ್ನು ಕಂಡು ಮರುಳಾಗಿ, ಆಕೆಯ ಶಾಪದಿಂದ ಗಿಳಿಯಾಗುತ್ತಾನೆ. ಅದನ್ನು ಕೇಳಿ ಚಂದ್ರಾಪೀಡನ ಎದೆಯೊಡೆಯುತ್ತದೆ. ಕಾದಂಬರಿಯು ಸಾಯಹೊರಟಾಗ, ಈ ದೇಹವನ್ನು ಕಾಯ್ದುಕೊಂಡಿರು ಎಂದು ಅಶರೀರವಾಣಿಯಾಗುತ್ತದೆ. ಆಕೆ ಆ ಕೆಡದ ದೇಹವನ್ನು ಕಾಯುತ್ತಾಳೆ. ಚಂದ್ರಾಪೀಡನೇ ಚಂದ್ರನು, ಅವನೇ ಶೂದ್ರಕನು. ಪುಂಡರೀಕನೇ ವೈಶಂಪಾಯನನು, ಅವನೇ ಗಿಳಿಯು. ಮಹಾಶ್ವೇತೆಯು ತಿಳಿಯದೆ ತನ್ನ ಪ್ರಿಯನನ್ನೇ ಶಪಿಸಿದ್ದಳು. ಶಾಪಗಳು ತೀರಿದ ಮೇಲೆ ಒಂದು ವಸಂತದಲ್ಲಿ ಕಾದಂಬರಿಯ ಆಲಿಂಗನದಿಂದ ಚಂದ್ರಾಪೀಡನು ಏಳುತ್ತಾನೆ. ಪುಂಡರೀಕನು ಆಕಾಶದಿಂದ ಇಳಿದು ಬರುತ್ತಾನೆ. ಎರಡು ಜೋಡಿಗಳೂ ಕೂಡುತ್ತವೆ.

ಆ ವಾರ ನಮ್ಮ ಬೋರ್ಡಿಂಗಿನಲ್ಲಿ ಬೇರೆ ಮಾತೇ ಇರಲಿಲ್ಲ. ಬಾಣನು ನಿಲ್ಲಿಸಿದಲ್ಲಿಯೇ ಕಥೆಯು ನಿಂತಿದ್ದರೆ ಚೆನ್ನಾಗಿತ್ತು, ಕಾಯುವದೇ ಅದರ ಸ್ವಾರಸ್ಯ, ಎಂದು ಕೆಲವರು. ಹುಡುಗಿಯರನ್ನು ಸರೋವರದ ದಂಡೆಯಲ್ಲಿ ಹಾಗೆಯೇ ಕೂರಿಸಿ ಹೋಗುವದು ನಿಷ್ಕರುಣೆ, ಮಗನು ಪುಣ್ಯದ ಕೆಲಸ ಮಾಡಿದನು, ಎಂದು ಕೆಲವರು. ಮಗನಿಗೆ ತಂದೆಯ ಶಕ್ತಿಯಿಲ್ಲವೆಂದು ವಿದ್ವಾಂಸರೇ ಹೇಳುತ್ತಾರೆಂದು ಪಂಡಿತರು ತಿಳಿಸಿದರು. ಅದಕ್ಕೆ ನಮ್ಮಲ್ಲೊಬ್ಬಳು, “ಗಿಳಿಯು ಯಾರು ಎಂಬ ಗಂಟನ್ನು ತಂದೆ ಹಾಕಿದ್ದು; ಬಿಚ್ಚುವವರು ಯಾರಾದರೂ ಬೇಕಷ್ಟೇ?” ಎಂದಳು. ಈ ಮಾತು ಪಂಡಿತರಿಗೆ ಬಹಳ ಮೆಚ್ಚಿಗೆಯಾಯಿತು. ಇನ್ನೊಂದು ಮಾತನ್ನೂ ಅವರು ತೋರಿಸಿಕೊಟ್ಟರು: ನಾಗವರ್ಮನು ಎರಡೂ ಭಾಗಗಳನ್ನು ಒಂದೇ ಕೈಯಿಂದ ಕನ್ನಡಿಸಿರುವದರಿಂದ, ಕನ್ನಡದಲ್ಲಿ ಓದುವವರಿಗೆ ತಂದೆ ಮಗಂದಿರ ನಡುವಿನ ಹೊಲಿಗೆಯು ಕಾಣುವದಿಲ್ಲ.

ಅಡಿಗೆಮನೆಯ ಕೆಲಸಕ್ಕೆ ನೆರವಾಗಿ, ಅದರ ಮೇಲೆ ಫೀಯ ರಿಯಾಯಿತಿ ಪಡೆಯುತ್ತಿದ್ದ ಒಬ್ಬ ಗೆಳತಿ ನಮ್ಮಲ್ಲಿದ್ದಳು. ಎಲ್ಲರ ಮಾತು ಮುಗಿದ ಮೇಲೆ ಆಕೆ ಮೆಲ್ಲನೆ, “ಪತ್ರಲೇಖೆಗೆ ಏನಾತು?” ಎಂದು ಕೇಳಿದಳು. ಆ ವರೆಗೆ ನಾವಾರೂ ಪತ್ರಲೇಖೆಯನ್ನು ನೆನೆದಿರಲಿಲ್ಲ. ಸದಾ ರಾಜಕುಮಾರನ ಬದಿಯಲ್ಲಿದ್ದು, ಇನ್ನೊಬ್ಬಳ ಪ್ರೇಮದ ಮಾತುಗಳನ್ನು ಅವನಿಗೆ ಮುಟ್ಟಿಸುವ ಆ ತರುಣಿಗೆ ತನ್ನದೆಂಬ ಒಂದು ಮನಸ್ಸಿರಲಿಲ್ಲವೆ? ಆಕೆಯು ಚಂದ್ರನ ಪತ್ನಿಯಾದ ರೋಹಿಣಿಯೆಂದು ಉತ್ತರಭಾಗವು ಹೇಳುತ್ತದೆ. ನನ್ನ ಗೆಳತಿಗೆ ಅದರಿಂದ ಸಮಾಧಾನವಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಓದಿದೆನು: ರವೀಂದ್ರನಾಥ ಠಾಕೂರರು ‘ಪ್ರಾಚೀನ ಸಾಹಿತ್ಯ’ (1907) ಎಂಬ ಗ್ರಂಥದಲ್ಲಿ ಸೇರಿರುವ ‘ಕಾವ್ಯೇರ್ ಉಪೇಕ್ಷಿತಾ’ ಎಂಬ ಪ್ರಬಂಧದಲ್ಲಿ, ಕವಿಗಳು ಕಡೆಗಣಿಸಿದ ಸ್ತ್ರೀಯರೆಂದು ಊರ್ಮಿಳೆ, ಅನಸೂಯೆ, ಪ್ರಿಯಂವದೆಯರ ಸಂಗಡ ಈ ಪತ್ರಲೇಖೆಯನ್ನೂ ಹೆಸರಿಸಿ ಮರುಗಿದ್ದಾರೆ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ ಆ ಹುಡುಗಿಯು ಠಾಕೂರರನ್ನು ಓದಿದ್ದವಳಲ್ಲ.

ಆ ದಿನಗಳಲ್ಲಿ ರವಿವಾರದ ಸಂಜೆ ನಮ್ಮ ಅಕ್ಕನವರು ಬನಿಯನ್ನನ ಯಾತ್ರೆಯ ಕಥೆಯನ್ನು ಹೇಳುತ್ತಿದ್ದರು. ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದಿದ್ದರು. ಅದೂ ಕನಸಿನಲ್ಲಿ ಕಂಡ ಅದ್ಭುತಕಥೆಯೇ. ರಾಕ್ಷಸರೂ, ಸಿಂಹಗಳೂ, ಸಂದೇಹದ ಕೋಟೆಯೂ ಅದರಲ್ಲಿವೆ. ಕಥೆಯ ಮೊದಲಿಗೆ ಕ್ರಿಶ್ಚಿಯನ್ ಎಂಬುವವನು ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕಿವಿಯಲ್ಲಿ ಬೆರಳಿಟ್ಟುಕೊಂಡು ನಿತ್ಯಜೀವವನ್ನರಸುತ್ತ ಓಡಿಹೋಗುತ್ತಾನೆ. ಪುರುಷಾರ್ಥದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಸೊಲ್ಲಾಪುರಕ್ಕೆ ಹೋದವರ ಮಕ್ಕಳಿಗೆ ಆ ಸಂಗತಿಯು ಚುಚ್ಚುವದು. ನಾನು, “ಅಕ್ಕೋರ, ಹಿಂದ ಉಳಿದವರ ಗತಿ ಏನು?” ಎಂದು ಕೇಳಿಯೇಬಿಟ್ಟೆನು.

ಅಕ್ಕನವರು ಕಪಾಟಿನಿಂದ ಇಂಗ್ಲಿಷ್ ಪುಸ್ತಕವನ್ನು ತೆಗೆದು ಎರಡನೆಯ ಭಾಗವನ್ನು ತೋರಿಸಿದರು. ಮೊದಲನೆಯದು 1678ರಲ್ಲಿ ಅಚ್ಚಾಯಿತು; ಎರಡನೆಯದು 1684ರಲ್ಲಿ. ಅದರಲ್ಲಿ ಆ ಹೆಂಡತಿಯಾದ ಕ್ರಿಸ್ಟಿಯಾನಾ ಮಕ್ಕಳನ್ನು ಕರೆದುಕೊಂಡು ಅದೇ ಹಾದಿಯಲ್ಲಿ ನಡೆಯುತ್ತಾಳೆ. ಮರ್ಸಿ ಎಂಬ ನೆರೆಯ ತರುಣಿಯು ಸಂಗಡ ಹೊರಡುತ್ತಾಳೆ. ಈ ಮರ್ಸಿಯನ್ನು ಮೆಚ್ಚಿ ಬ್ರಿಸ್ಕ್ ಎಂಬ ಒಬ್ಬ ಶೋಕಿಯ ಗೃಹಸ್ಥನು ಬರುತ್ತಾನೆ. ಆಕೆಯು ಸದಾ ಹೊಲಿಯುವದನ್ನು ಕಂಡು ಒಳ್ಳೆಯ ಸಂಪಾದನೆ ಇರಬೇಕೆಂದು ಎಣಿಸಿರುತ್ತಾನೆ. ಆಕೆ ಹೊಲಿದುದನ್ನೆಲ್ಲ ಬಡವರಿಗೆ ಕೊಡುವಳೆಂದು ತಿಳಿದ ಕೂಡಲೆ ಮೆಲ್ಲನೆ ಜಾರಿಕೊಳ್ಳುತ್ತಾನೆ. ಆ ಸಂಜೆ ನಾವು ನಕ್ಕಷ್ಟು ಬೇರೆ ಯಾವ ರವಿವಾರವೂ ನಗಲಿಲ್ಲ. ಕಡೆಗೆ ಮರ್ಸಿಯು ಕ್ರಿಸ್ಟಿಯಾನಳ ಹಿರಿಯ ಮಗನನ್ನು ಮದುವೆಯಾಗುತ್ತಾಳೆ.

ಈ ಎರಡನೆಯ ಭಾಗವು ಬರುವ ಮುಂಚೆ ಬೇರೆಯವರು ಬನಿಯನ್ನನ ಕೀರ್ತಿಯನ್ನು ಹಿಡಿದು ತಾವೇ ಉತ್ತರಭಾಗಗಳನ್ನು ಅಚ್ಚು ಹಾಕಿಸಿದ್ದರಂತೆ. ಅವು ತನ್ನವಲ್ಲವೆಂದು ಬನಿಯನ್ನನು ತನ್ನ ಪುಸ್ತಕದ ಮೊದಲಲ್ಲಿ ಹೇಳಬೇಕಾಯಿತಂತೆ. ಸ್ಪೇನ್ ದೇಶದ ಸರ್ವಾಂಟೀಸನಿಗೂ ಹೀಗೆಯೇ ಆಯಿತು. ‘ಡಾನ್ ಕ್ವಿಕ್ಸಟ್’ನ ಮೊದಲನೆಯ ಭಾಗವು 1605ರಲ್ಲಿ ಬಂದಿತು, 1614ರಲ್ಲಿ ಅವೆಯನೇಡ ಎಂಬ ಕಳ್ಳ ಹೆಸರಿನಿಂದ ಒಬ್ಬನು ಎರಡನೆಯದನ್ನು ಹೊರಡಿಸಿದನು, ಮರುವರ್ಷವೇ ಸರ್ವಾಂಟೀಸನು ತನ್ನದನ್ನು ಪ್ರಕಟಿಸಿದನು. ಅಕ್ಕನವರು ಇದನ್ನು ಹೇಳುತ್ತಿರುವಾಗ ನನ್ನ ಮೋರೆಯು ಬಿಸಿಯಾಯಿತು. ತಂದೆಯವರ ಕಾರ್ಡುಗಳು ನೆನಪಾದವು. ಬಾಣನ ಮಗನು ಸೇರಿಸಿದನು, ನಾನೂ ಸೇರಿಸಿದೆನು. ಅವನು ಮಾತ್ರ ತನ್ನ ಭಾಗದ ಮೊದಲಿಗೇ ನಿಂತು, ತಂದೆಯು ತೀರಿಕೊಂಡುದರಿಂದ ಕಥೆಯು ಮುರಿಯಿತು, ಸಜ್ಜನರ ದುಃಖವನ್ನು ನೋಡಿ ನಾನು ಕೈಹಾಕಿದ್ದೇನೆ, ಕವಿತ್ವದ ಗರ್ವದಿಂದಲ್ಲ, ಎಂಬರ್ಥದ ಮಾತುಗಳನ್ನು ಹೇಳಿಕೊಂಡಿದ್ದಾನೆ. ಇಬ್ಬರೂ ಕೇಳುವವರ ದುಃಖವನ್ನು ನೋಡಿಯೇ ಸೇರಿಸಿದೆವು. ಆದರೆ ಅವನು ಹೇಳಿ ಸೇರಿಸಿದನು, ನಾನು ಮುಚ್ಚಿ ಸೇರಿಸಿದೆನು.

ದೀಪಾವಳಿಯ ರಜೆಯಲ್ಲಿ ಅವ್ವನಿಗೆ ಉತ್ತರಭಾಗವನ್ನು ಹೇಳಿದೆನು. ಇಲ್ಲಿಯ ತನಕ ಅಪ್ಪನದು, ಇಲ್ಲಿಂದ ಮಗನದು, ಎಂದು ಮೊದಲೇ ತಿಳಿಸಿದೆನು. ಆಕೆ ಕೊನೆಯ ವರೆಗೆ ಸುಮ್ಮನೆ ಕೇಳಿದಳು. ಮಗನ ಬರವಣಿಗೆಯು ತಂದೆಯದರಷ್ಟು ಚೆಲುವಲ್ಲವೆಂದು ದೊಡ್ಡವರು ಹೇಳುತ್ತಾರೆಂದೂ ನಾನು ಅಂದೆನು.

“ಅಪ್ಪ ಬಿತ್ತಿ ಹೋದದ್ದನ್ನ ಮಗ ರಾಶಿ ಮಾಡಿದರ ಅದರಾಗ ತಪ್ಪೇನದ?” ಎಂದು ಅವ್ವ ಅಂದಳು. “ರಾಶಿ ಮಾಡೂದು ಬಿತ್ತಿದಷ್ಟು ಚಂದ ಕಾಣೂದಿಲ್ಲ, ಧೂಳ ಏಳತದ. ಆದರ ಕಾಳು ಮನೀಗೆ ಬರೂದು ಅದರಿಂದನ.” ಸ್ವಲ್ಪ ತಡೆದು, “ಮಹಾಶ್ವೇತಿಗೆ ಮಾತು ಕೊಟ್ಟಾಂವ ಅಪ್ಪನ ಅಲ್ಲೇನ? ಅದನ್ನ ತೀರಸಬೇಕಿತ್ತು,” ಎಂದಳು.

ಮುಂದೆ ಕಾಲೇಜಿನಲ್ಲಿ ಓದುವಾಗ ಒಬ್ಬ ಅಧ್ಯಾಪಕರಿಂದ ನನಗೆ ತಿಳಿಯಿತು: ಭೂಷಣಭಟ್ಟನು ತನ್ನ ಪೀಠಿಕೆಯಲ್ಲಿ, ಫಲವನ್ನು ಗರ್ಭದಲ್ಲಿಟ್ಟುಕೊಂಡ ಬೀಜಗಳನ್ನು ಬಿತ್ತಿದವನು ತಂದೆ, ಅವುಗಳ ಫಲವನ್ನು ಕೂಡಿಸುವವನು ಮಾತ್ರ ತಾನು, ಎಂಬ ಉಪಮೆಯನ್ನೇ ಹೇಳಿರುವನು. ತರಗತಿಯಲ್ಲಿ ಅದನ್ನು ಕೇಳಿದಾಗ ನನ್ನ ಕಣ್ಣು ತುಂಬಿ ಬಂದವು. ನಮ್ಮ ಅವ್ವನಿಗೆ ಸಂಸ್ಕೃತವಿರಲಿ, ಆಗ ಓಂನಾಮವೂ ಬರುತ್ತಿರಲಿಲ್ಲ.

ಆಗ ಎಂದೆನು, ಏಕೆಂದರೆ ಅದೇ ದೀಪಾವಳಿಯಿಂದ ಅವ್ವ ಅಕ್ಷರ ಕಲಿಯಹತ್ತಿದಳು. “ಇನ್ನ ಮ್ಯಾಲ ಅವರ ಕಾರ್ಡು ನಾನ ಓದತೇನಿ,” ಎಂದು ಆಕೆಯೇ ಹಟ ಹಿಡಿದಳು. ತಮ್ಮನ ಪಾಟಿಯ ಮೇಲೆ ನಾನು ಬರೆದು ತೋರಿಸುತ್ತಿದ್ದೆನು. ನಾನು ಶಾಲೆಗೆ ಹೋದ ಮೇಲೆ ತಮ್ಮನು ತೋರಿಸುತ್ತಿದ್ದನು. ಮುಂದಿನ ಬೇಸಿಗೆಯಲ್ಲಿ ನಾನು ಬಂದಾಗ ಆಕೆ ಒಂದು ಕಾರ್ಡನ್ನು ನನ್ನೆದುರಿಗೆ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಕೂಡಿಸುತ್ತ ಓದಿದಳು. ನಾನು ಕ್ಷೇಮ. ಮನಿ ಆರ್ಡರ್ ಮಾಡಿದ್ದೇನೆ. ಎಮ್ಮೆಯ ಕಡೆಗೆ ಲಕ್ಷ್ಯ ಇರಲಿ. ಅಷ್ಟೇ ಇತ್ತು. ಅದರಲ್ಲಿ ರೊಟ್ಟಿಯ ಮಾತಿರಲಿಲ್ಲ. ಅವ್ವ ಅದನ್ನು ಎರಡು ಸಲ ಓದಿದಳು. ಎರಡೂ ಸಲ ಅದೇ ಮಾತುಗಳು ಬಂದವು. ಆಕೆಗೆ ಅದರಿಂದ ಆದ ಸಂತೋಷವನ್ನು ನಾನು ಸೇರಿಸಿದ ಯಾವ ಮಾತೂ ತಂದುಕೊಟ್ಟಿರಲಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡೆನು.

ನಮ್ಮ ತಂದೆಯವರು ಕೆಲವು ವರ್ಷಗಳ ಮೇಲೆ ಗಿರಣಿಯನ್ನು ಬಿಟ್ಟು ಊರಿಗೆ ಬಂದರು. ಕಥೆಯಲ್ಲಿಯಂತೆ ಚಂದ್ರಮಂಡಲದಿಂದ ಇಳಿಯಲಿಲ್ಲ. ಒಂದು ಟ್ರಂಕು, ಒಂದು ಕೆಮ್ಮು, ಇವುಗಳೊಡನೆ ಬಂದರು. ಊರಿನಲ್ಲಿ ನೆಟ್ಟಗೆ ಮಾತಾಡದ ಮನುಷ್ಯರೇ ಆಗಿ ಉಳಿದರು. 1989ರಲ್ಲಿ ನಮ್ಮ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು ಕಟ್ಟಿದಾಗ ಮುದುಕರಾದ ನಮ್ಮ ತಂದೆಯವರೂ ಕಲ್ಲು ಹೊತ್ತರು. ‘ಶ್ರಮಬಿಂದು ಸಾಗರ’ವೆಂದು ಅದಕ್ಕೆ ಹೆಸರು. ಆ ಕೆಲಸಕ್ಕೆ ಅವ್ವ ದಿನಾಲು ಬುತ್ತಿ ಒಯ್ಯುತ್ತಿದ್ದಳು. ಒಂದು ದಿನ ಮರಳಿ ಬಂದು ನನಗೆ ಹೇಳಿದಳು: “ಇವತ್ತ ರೊಟ್ಟಿ ಚಲೋ ಆಗ್ಯಾವ ಅಂದರು.” ನಾನು ಅದನ್ನು ಸೇರಿಸಿ ಬರೆದಿಲ್ಲ, ಆಕೆ ಹೇಳಿದಷ್ಟನ್ನೇ ಬರೆದಿದ್ದೇನೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆನು. ಮುಂದುವರಿದ ಕಥೆಗಳ ವಿಷಯದಲ್ಲಿ ಓದುಗರ ಜಗಳವು ಅವಳ ಕಾಲದಲ್ಲಿ ಹುಟ್ಟಿದ್ದಲ್ಲವೆಂದು ಇನ್ನೂ ಎರಡು ಉದಾಹರಣೆಗಳನ್ನು ಕೊಟ್ಟೆನು. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರು 1888ರಲ್ಲಿ ‘ಚಂದ್ರಕಾಂತಾ’ ಎಂಬ ಮಾಯಾಜಾಲದ ಪ್ರೇಮಕಥೆಯನ್ನು ಪ್ರಕಟಿಸಿದಾಗ, ಅದನ್ನು ಓದುವ ಸಲುವಾಗಿಯೇ ಎಷ್ಟೋ ಜನರು ಹಿಂದಿಯನ್ನು ಕಲಿತರೆಂದು ಹೇಳುತ್ತಾರೆ. ವಾಚಕರ ಆಶೆ ತೀರದ್ದರಿಂದ ‘ಚಂದ್ರಕಾಂತಾ ಸಂತತಿ’ಯು ಇಪ್ಪತ್ತನಾಲ್ಕು ಭಾಗಗಳಲ್ಲಿ ಬಂದಿತು. ಅದರ ಮುಂದಿನ ‘ಭೂತನಾಥ’ವನ್ನು ಮುಗಿಸದೆ ಖತ್ರಿಯವರು 1913ರಲ್ಲಿ ತೀರಿಕೊಂಡರು, ಅವರ ಮಗ ದುರ್ಗಾಪ್ರಸಾದ ಖತ್ರಿಯವರು ಅದನ್ನು ಪೂರೈಸಿದರು. ಬಾಣನ ಮನೆಯ ಕಥೆಯೇ ಕಾಶಿಯಲ್ಲಿ ಮತ್ತೊಮ್ಮೆ ನಡೆಯಿತು. ಅಮೇರಿಕದ ಲೂಯಿಸಾ ಆಲ್ಕಾಟ್ ಎಂಬಾಕೆಯು 1868ರಲ್ಲಿ ‘ಲಿಟ್ಲ್ ವಿಮೆನ್’ ಎಂಬ ಕಥೆಯನ್ನು ಬರೆ‌ದಾಗ, ನಾಯಕಿಯಾದ ಜೋ ಎಂಬವಳು ನೆರೆಮನೆಯ ಲಾರಿಯನ್ನು ಮದುವೆಯಾಗಲೇಬೇಕೆಂದು ಹುಡುಗಿಯರು ಪತ್ರ ಬರೆದು ಪೀಡಿಸಿದರು. ಮರುವರ್ಷ ಬಂದ ಎರಡನೆಯ ಭಾಗದಲ್ಲಿ ಆಲ್ಕಾಟಳು ಜೋವನ್ನು ಒಬ್ಬ ನಡುವಯಸ್ಸಿನ ಪ್ರೊಫೆಸರನಿಗೆ ಕೊಟ್ಟುಬಿಟ್ಟಳು! ನೂರೈವತ್ತು ವರ್ಷಗಳಾದರೂ ಓದುಗರು ಅದಕ್ಕಾಗಿ ಆಕೆಯನ್ನು ಪೂರ್ಣವಾಗಿ ಕ್ಷಮಿಸಿಲ್ಲ.

“ಹಂಗಾದ್ರ ಯಾರು ಖರೆ, ಆಯಿ? ಓದೋರಾ, ಬರಿಯೋರಾ?” ಎಂದು ಮೊಮ್ಮಗಳು ಕೇಳಿದಳು.

ನಾನು ಹೇಳಿದ್ದು ಇಷ್ಟು. ಮುಂದೇನಾಯಿತೆಂದು ಕೇಳುವದು ಓದುವವರ ಹಕ್ಕು. ಆ ಹಸಿವನ್ನು ಎಬ್ಬಿಸಿದವರೇ ಲೇಖಕರು. ಮೊದಲನೆಯ ಭಾಗದಲ್ಲಿ ಕೊಟ್ಟ ಮಾತನ್ನು ಎರಡನೆಯದರಲ್ಲಿ ತೀರಿಸುವದು ಲೇಖಕರ ಋಣ. ಕೊಟ್ಟ ಮಾತೇ ಇಲ್ಲದಾಗ ಬರೇ ಹಸಿವನ್ನು ನೋಡಿ ಹಿಟ್ಟಿಗೆ ನೀರು ಕೂಡಿಸಿದರೆ, ಓದುವವರು ಬೈಯುವದು ನ್ಯಾಯವೇ. ಲೇಖಕರು ಮೆಚ್ಚಿನ ಮುಕ್ತಾಯವನ್ನು ಕೊಡಲಿಲ್ಲವೆಂದು ಮಾತ್ರ ಬೈದರೆ, ಅದು ಮೂರು ಸಾಲಿನ ಕಾರ್ಡನ್ನು ಹತ್ತು ಸಾಲಾಗಿ ಓದೆಂದು ಹಟ ಹಿಡಿದಂತೆ. ಇನ್ನು ನಾವೇ ಬರೆಯುವೆವೆಂದರೆ ಸಂತೋಷವಾಗಿ ಬರೆಯಬಹುದು. ಇಲ್ಲಿಂದ ನನ್ನದು ಎಂದು ಗೆರೆ ಎಳೆದು ಬರೆಯತಕ್ಕದ್ದು.

ಅವಳು ಒಪ್ಪಿದಳೋ ಇಲ್ಲವೋ ತಿಳಿಯದು. ಮೂರನೆಯ ಭಾಗವು ಮಂದವೇ ಸರಿ ಎಂದು ಮಾತ್ರ ಮತ್ತೊಮ್ಮೆ ಹೇಳಿದಳು. ಮರುದಿನ ಮುಂಜಾನೆ ನಾನು ಅಂಗಳ ಬಳಿಯುವಾಗ ಅವಳು ಹೊರಸಿನ ಮೇಲೆ ಕುಳಿತು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬಗ್ಗಿ ನೋಡಿದೆನು. ನಾಯಕಿಯದಲ್ಲ, ಆ ಕಥೆಯಲ್ಲಿ ಎರಡೇ ಮಾತನಾಡಿ ಮರೆಯಾಗುವ ಯಾವಳೋ ಒಬ್ಬ ಗೆಳತಿಯ ಕಥೆಯನ್ನು ಆರಂಭಿಸಿದ್ದಳು. ಹಾಳೆಯ ಮೇಲ್ತುದಿಯಲ್ಲಿ ತನ್ನ ಹೆಸರನ್ನು ಬರೆದು ಕೆಳಗೆ ಒಂದು ಗೆರೆ ಎಳೆದಿದ್ದಳು. ನನಗೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ ನನ್ನ ಗೆಳತಿಯ ನೆನಪಾಯಿತು.

ಪಾಲಕರಾದ ತಂದೆತಾಯಿಗಳಿಗೆ ನನ್ನದೊಂದು ವಿನಂತಿ. ಹೆಣ್ಣುಮಕ್ಕಳು ಅದ್ಭುತ ಪ್ರೇಮಕಥೆಗಳನ್ನು ಓದುತ್ತಾರೆಂದು ಪುಸ್ತಕವನ್ನು ಕಸಿದುಕೊಳ್ಳಬೇಡಿರಿ. ಬಳಿಯಲ್ಲಿ ಕುಳಿತು, ಮುಂದೇನಾಯಿತೆಂದು ಕೇಳಿರಿ; ಅವರ ಮತವೇನೆಂದೂ ಕೇಳಿರಿ. ಶಾಲೆಯ ಕಪಾಟಿನಲ್ಲಿದ್ದ ಕೆಲವು ಹಳೆಯ ಪುಸ್ತಕಗಳೂ, ಅವುಗಳ ವಿಷಯವಾಗಿ ನಮ್ಮನ್ನು ಜಗಳಾಡಗೊಟ್ಟ ಅಕ್ಕನವರೂ ಪಂಡಿತರೂ ಇಲ್ಲದಿದ್ದರೆ, ನನ್ನ ತಪ್ಪು ನನಗೆ ತಪ್ಪೆಂದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಆ ಶಾಲೆಯು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಕಪಾಟನ್ನು ತೆರೆದಿಟ್ಟಿರಲೆಂದು ದೇವರನ್ನು ಪ್ರಾರ್ಥಿಸಿ ವಿರಮಿಸುವೆನು.